ಟನೆಲಿಂಗ್‌ಗೆ ‘ಸುರಂಗ’ ಸರಿಯೇ, ‘ನುಸುಳು’ ಆಗದೇ?

ಎಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ ಪಿಯುಸಿ ಹುಡುಗರಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಒಂಟಿ ಪರಮಾಣುವಿಗೆ ಮೈಕ್ರೋವೇವ್ ಕೊಟ್ಟು ಅದರ ಗುಣ ನೋಡುವುದರ ಬಗ್ಗೆ ಕಾಲೇಜಿನ ಗೋಡೆ ಪತ್ರಿಕೆಗೆ ಒಂದು ಪುಟ ಬರೆಯಲು ಕೂತೆ, ಎರಡನೇ ಸಾಲಿಗೇ ಸಿಕ್ಕಿಬಿದ್ದೆ. ಅದಕ್ಕೆ ಬಳಸುವುದು ಮೈಕ್ರೋವೇವ್ ಜೋಡಿಸಿದ ಟನೆಲಿಂಗ್ ಮೈಕ್ರೋಸ್ಕೋಪ್, ಅಂದರೆ ಚೂಪು ಸೂಜಿಯಿಂದ ಒಂದೊಂದೇ ಪರಮಾಣುವನ್ನು ನೋಡುವ ಯಂತ್ರ. ಪದಕ್ಕೆ ಪದ ಇಟ್ಟರೆ ಅದು ‘ಸೂಕ್ಷ್ಮತರಂಗ ಸುರಂಗ ಸೂಕ್ಷ್ಮದರ್ಶಕ’ ಆಗುತ್ತದೆ. ಹರಿಕಥೆ ಶುರುವಾದ ಹಾಗಿದೆ, ಅಲ್ವಾ?

ಜಾಸ್ತಿ ತಕರಾರು ಸುರಂಗದ್ದು. ಓದಿ ಹೇಳಿದಾಗ ಕೆಜಿಎಫ್ ಕಡೆಯ ಹುಡುಗನೊಬ್ಬ, “ಸಾರ್, ಸುರಂಗ ತೋಡೋದು ಯಾರು, ಸೂಜಿನಾ?” ಅಂದ. ಅವನ ತಾತ ಗಣಿಯಲ್ಲಿದ್ದವರು. ನೆಲದೊಳಗೆ ಮೂರು ಕಿಲೋಮೀಟರಿಗೂ ಆಳ ಇಳಿದಿದ್ದ ಊರದು, ಸುರಂಗ ಅಂದರೆ ಅವನಿಗೆ ಕಲ್ಲು, ಸಿಡಿಮದ್ದು, ದೂಳು. ಇಲ್ಲಿ ಯಾರೂ ಏನೂ ತೋಡುವುದಿಲ್ಲ. ಸೂಜಿಯ ಮೊನೆ ಕೆಳಗಿನ ಲೋಹವನ್ನು ಮುಟ್ಟಿರುವುದಿಲ್ಲ, ನಡುವೆ ಒಂದು ನ್ಯಾನೋಮೀಟರಿಗೂ ಕಡಿಮೆ ಸಂದು, ಅದನ್ನು ದಾಟುವಷ್ಟು ಶಕ್ತಿ ಇಲ್ಲದ ಎಲೆಕ್ಟ್ರಾನ್ ಆದರೂ ಆಚೆ ಬಂದಿರುತ್ತದೆ. ಇದೇ ಟನೆಲಿಂಗ್. ಸಂದು 0.1 ನ್ಯಾನೋಮೀಟರ್ ಹೆಚ್ಚಿದರೆ ಸಾಕು, ಕರೆಂಟು ಸುಮಾರು ಹತ್ತರಲ್ಲೊಂದು ಪಾಲಿಗೆ ಬೀಳುತ್ತದೆ. ನಮ್ಮ ಕಡೆ ಬೇಲಿ ಹಾಗೇ ಇದ್ದು ಮೇಕೆ ಮಾತ್ರ ಹಿಪ್ಪುನೇರಳೆ ತೋಟದಲ್ಲಿ ಮೇಯುತ್ತಿದ್ದರೆ ‘ನುಸುಳಿದೆ’ ಅನ್ನುತ್ತೇವೆ. ನನಗೆ ಬೇಕಾದ್ದು ಆ ಪದವೇ. ‘ತೂರು’ ಕೂಡ ಹೊಳೆಯಿತು, ಆದರೆ ಇಲ್ಲಿ ತೂರುವುದು ಅಂದರೆ ಕಣದಲ್ಲಿ ರಾಗಿ.

ಇನ್ನು ‘ಸೂಕ್ಷ್ಮತರಂಗ’. ಈ ಪ್ರಯೋಗಗಳಲ್ಲಿ ಬಳಸುವ 20 ಗಿಗಾಹರ್ಟ್ಸ್ ಆಸುಪಾಸಿನ ಅಲೆ ಒಂದೂವರೆ ಸೆಂಟಿಮೀಟರ್ ಉದ್ದ, ಹುಣಸೆ ಬೀಜದಷ್ಟು. ಪರಮಾಣುವಿನ ಪಕ್ಕ ಅದನ್ನು ಸೂಕ್ಷ್ಮ ಅಂದರೆ ನಗು ಬರುತ್ತದೆ. ಸುಮ್ನೆ ಮೈಕ್ರೋವೇವ್ ಅಂತಲೇ ಬಿಡುತ್ತೇನೆ, ಅಡುಗೆಮನೆಗೂ ಬಂದಿರುವ ಪದ.

ಕೊನೆಯದು ‘ಸ್ಪಿನ್ ಫ್ಲಿಪ್’. ಸ್ಪಿನ್ ಅಂದರೆ ಪರಮಾಣುವನ್ನು ಪುಟ್ಟ ಅಯಸ್ಕಾಂತದ ಹಾಗೆ ಮಾಡುವ ಗುಣ. 2015ರಲ್ಲಿ ಕ್ಯಾಲಿಫೋರ್ನಿಯಾದ ಐಬಿಎಂ ಲ್ಯಾಬಿನವರು ಬೆಳ್ಳಿಯ ಮೇಲೆ ಮೆಗ್ನೀಸಿಯಂ ಆಕ್ಸೈಡಿನ ತೆಳು ಪದರ ಹಾಸಿ, ಅದರ ಮೇಲೆ ಕಬ್ಬಿಣದ ಒಂದೊಂದೇ ಪರಮಾಣು ಕೂರಿಸಿ, ವೋಲ್ಟೇಜಿನ ಜೊತೆಗೇ ಮೈಕ್ರೋವೇವ್ ಕಳಿಸಿದರು. ಸರಿಯಾದ ಫ್ರೀಕ್ವೆನ್ಸಿ ಬಂದಾಗ ಪರಮಾಣುವಿನ ಸ್ಪಿನ್ ಮೇಲು ಕೆಳಗಾಗುತ್ತದೆ, ಕರೆಂಟಿನಲ್ಲಿ ಚೂರೇ ಚೂರು ವ್ಯತ್ಯಾಸ ಕಾಣುತ್ತದೆ. ‘ಸ್ಪಿನ್ ಮಗುಚುತ್ತದೆ’ ಅಂತ ಬರೆದೆ, ದೋಸೆ ಮಗುಚಿದ ಹಾಗೆ. ನಡೆಯುತ್ತದಾ?

‘ನುಸುಳು’ ಪದವನ್ನು ಈ ಅರ್ಥದಲ್ಲಿ ಅಚ್ಚಿನಲ್ಲಿ ಯಾರಾದರೂ ನೋಡಿದ್ದೀರಾ? ನನಗಿರುವ ಅನುಮಾನ ಒಂದೇ. ‘ನುಸುಳು ಕರೆಂಟು’ ಅಂತ ಬರೆದರೆ, ಕಂಬದಿಂದ ಕೊಕ್ಕೆ ಹಾಕಿ ಎಳೆದ ಕರೆಂಟು ಅಂದುಕೊಳ್ಳುತ್ತಾರೇನೋ.