ರಾತ್ರಿ ಯಕ್ಷಗಾನ ಆಟದಲ್ಲಿ ಕ್ಯಾಮೆರಾದ ಅಂಕಿ ಬ್ಲಿಂಕ್ ಆಗುತ್ತದೆ, ಏನು ಮಾಡಲಿ?

ಸುಳ್ಯದವ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಕ್ಯಾನನ್ 1500ಡಿ ಇದೆ. ಲೆನ್ಸ್ ಅದರ ಜೊತೆ ಬಂದ 18-55 ಮಾತ್ರ.

ನಮ್ಮ ಮಾವ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ ಮಾಡುತ್ತಾರೆ. ಮೊಣಕಾಲು ನೋವು ಜಾಸ್ತಿಯಾಗಿದೆ. ಈ ತಿರುಗಾಟ ಮುಗಿದ ಮೇಲೆ ಮತ್ತೆ ಗೆಜ್ಜೆ ಕಟ್ಟುವುದಿಲ್ಲ ಅಂತ ಹೇಳಿಬಿಟ್ಟಿದ್ದಾರೆ. ತಿರುಗಾಟ ಮುಗಿಯುವ ಪತ್ತನಾಜೆಗೆ ಇನ್ನು ಮೂರು ವಾರ ಇದೆ. ಅಷ್ಟರೊಳಗೆ ಅವರದ್ದು ಒಂದು ಸರಿಯಾದ ಫೋಟೊ ನನಗೆ ಬೇಕೇ ಬೇಕು.

ಮೊನ್ನೆ ಗದ್ದೆಯಲ್ಲಿ ಆಟ ಇತ್ತು. ರಂಗಸ್ಥಳದಿಂದ ಹತ್ತು ಮೀಟರ್ ದೂರ ಕೂತಿದ್ದೆ. ಕುಣಿತ ಇರುತ್ತದಲ್ಲ ಅಂತ ಶಟರ್ ವೇಗ ನಾವೇ ಇಡುವ ಟಿವಿ ಮೋಡ್‌ನಲ್ಲಿ 1/250 ಸೆಕೆಂಡ್ ಇಟ್ಟೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400. ವ್ಯೂಫೈಂಡರ್‌ನಲ್ಲಿ ನೋಡಿದರೆ ಕೆಳಗೆ 5.6 ಅನ್ನುವ ಅಂಕಿ ಮಿಣಮಿಣ ಅನ್ನುತ್ತಿತ್ತು. ಫೋಟೊ ಹೆಚ್ಚುಕಮ್ಮಿ ಕಪ್ಪು. ಲೆನ್ಸಿನ ಕಿಂಡಿ ನಾವೇ ಇಡುವ ಎವಿ ಮೋಡ್‌ಗೆ ಹಾಕಿದೆ, ಬ್ಲಿಂಕ್ ನಿಂತಿತು. ಸರಿಯಾಯಿತು ಅಂತ ನೂರಾರು ಫೋಟೊ ಹೊಡೆದೆ. ಮನೆಗೆ ಬಂದು ನೋಡಿದರೆ ಮಾವನ ಮುಖವೇ ಇಲ್ಲ, ಬರೀ ಕಲಸಿದ ಕೆಂಪು ಕಪ್ಪು. ಆಟೊದಲ್ಲಿ ಫ್ಲ್ಯಾಶ್ ತಾನಾಗಿ ಎದ್ದು, ಮುಂದೆ ಕೂತವರ ತಲೆ ಮಾತ್ರ ಬೆಳ್ಳಗೆ ಬಂತು. ಕೆಲವು ಸಲ ಬಟನ್ ಪೂರ್ತಿ ಒತ್ತಿದರೂ ಕ್ಲಿಕ್ ಆಗಲೇ ಇಲ್ಲ.

ಬ್ಲಿಂಕ್ ಆದಾಗ ಫೋಟೊ ತೆಗೆಯಲೇಬಾರದಾ? ನಿಂತಾಗ ಯಾಕೆ ಹಾಳಾಯಿತು? ಬಲ್ಲವರು ಹೇಳಿ.

ಹಳೇ ಸ್ಟುಡಿಯೊ

ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಎಲ್ಲ ಇದೆ ಮಾರಾಯ್ರೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಅಪ್ಪನ ಸ್ಟುಡಿಯೊದಲ್ಲಿ ಒಂದು ಯಾಶಿಕಾ ಎಲೆಕ್ಟ್ರೊ 35 ಇತ್ತು. ನಾನು ಕಲಿತದ್ದು ಅದರಲ್ಲಿ. ಅದರ ಮೇಲೆ ಎರಡು ಪುಟ್ಟ ದೀಪ, ಒಂದು ಕೆಂಪು, ಒಂದು ಹಳದಿ. ಕೆಂಪು ಹತ್ತಿದರೆ ಬೆಳಕು ಜಾಸ್ತಿ. ಹಳದಿ ಹತ್ತಿದರೆ ಶಟರ್ 1/30ಕ್ಕಿಂತ ನಿಧಾನ ಆಗಿದೆ, ಕೈ ಅಲುಗುತ್ತದೆ ನೋಡು ಅಂತ. ಹಳದಿ ಹತ್ತಿದರೂ ಕ್ಯಾಮೆರಾ ಫೋಟೊ ತೆಗೆಯುತ್ತಿತ್ತು. ಅಪ್ಪ ಆಗ ಕಂಬಕ್ಕೆ ಒರಗಿ, ಉಸಿರು ಹಿಡಿದು ಒತ್ತುತ್ತಿದ್ದರು.

ನಿಮ್ಮ ಕ್ಯಾಮೆರಾದಲ್ಲಿ ಆ ಹಳದಿ ದೀಪ ಇಲ್ಲ. ಅದು ಕೈ ಅಲುಗುವುದನ್ನೋ, ವೇಷ ಕುಣಿಯುವುದನ್ನೋ ಎಚ್ಚರಿಸುವುದಿಲ್ಲ. ತನ್ನ ಕೈಯಲ್ಲಿದ್ದದ್ದು ಮುಗಿದಾಗ ಮಾತ್ರ ಬ್ಲಿಂಕ್ ಮಾಡುತ್ತದೆ. ಟಿವಿಯಲ್ಲಿ ಶಟರ್ ನೀವು ಕೊಟ್ಟಿರಿ, ಐಎಸ್‌ಒ ನೀವು ಕಟ್ಟಿಹಾಕಿದಿರಿ. ಅದಕ್ಕೆ ಉಳಿದದ್ದು ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ ಒಂದೇ. ಅಂಕಿ ಚಿಕ್ಕದಾದಷ್ಟು ಕಿಂಡಿ ದೊಡ್ಡದು. ಜೂಮ್ ಮಾಡಿದಾಗ ನಿಮ್ಮ ಲೆನ್ಸ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಪೂರ್ತಿ ತೆರೆದರೂ ಬೆಳಕು ಸಾಲಲಿಲ್ಲ, ಅದಕ್ಕೆ 5.6 ಬ್ಲಿಂಕ್ ಆಯಿತು. ಎವಿಯಲ್ಲಿ ಅದರ ಕೈಯಲ್ಲಿರುವುದು ಶಟರ್. ಶಟರ್ 30 ಸೆಕೆಂಡಿನವರೆಗೂ ಹೋಗಬಲ್ಲದು. ಹಾಗಾಗಿ 1/15ಕ್ಕೋ ಎಷ್ಟಕ್ಕೋ ಇಳಿಸಿ ಸುಮ್ಮನಾಯಿತು. 30 ಸೆಕೆಂಡೂ ಸಾಲದಿದ್ದರೆ ಮಾತ್ರ ಆ 30 ಬ್ಲಿಂಕ್ ಆಗುತ್ತಿತ್ತು. ಕುಣಿಯುವ ಬಣ್ಣದ ವೇಷಕ್ಕೆ 1/15 ಅಂದರೆ ಕಲಸಿದ ಬಣ್ಣವೇ ಬರುವುದು.

ಅಂದರೆ ಟಿವಿಯಲ್ಲಿ ಬ್ಲಿಂಕ್ ಆಗಿ ನಿಮಗೆ ಒಳ್ಳೆಯದನ್ನೇ ಮಾಡಿತ್ತು. ಎವಿಯಲ್ಲಿ ಸುಮ್ಮನಿದ್ದದ್ದೇ ಮೋಸ.

ಬೆಳಕು ಅಳೆಯುವ ಮೀಟರ್ ಕುರುಡಾಗಿದೆ ಅಂತ ಭಾವಿಸಬೇಡಿ. 1500ಡಿಯ ಮೀಟರ್ ಇವಿ ಅನ್ನುವ ಬೆಳಕಿನ ಅಳತೆಯಲ್ಲಿ 1ರಿಂದ 20ರವರೆಗೆ ಅಳೆಯುತ್ತದೆ. ಇವಿ 1 ಅಂದರೆ ಐಎಸ್‌ಒ 100ರಲ್ಲಿ ಎಫ್ 2 ಇಟ್ಟು 2 ಸೆಕೆಂಡ್ ತೆರೆಯಬೇಕಾದಷ್ಟು ಮಬ್ಬು. ರಂಗಸ್ಥಳದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಬೆಳಕು ಇರುತ್ತದೆ.

ಇನ್ನು ಕ್ಲಿಕ್ ಆಗದ ವಿಷಯ. ಅದಕ್ಕೂ ಮೀಟರಿಗೂ ಸಂಬಂಧ ಇಲ್ಲ. ವ್ಯೂಫೈಂಡರಿನ ಬಲಗಡೆ ಒಂದು ದುಂಡನೆ ಚುಕ್ಕೆ ಬ್ಲಿಂಕ್ ಆಗಿರುತ್ತದೆ, ನೋಡಿ. ಅದು ಫೋಕಸ್ ಸಿಗಲಿಲ್ಲ ಅನ್ನುವುದು. ಬೆಳಕು ಸಾಲದು ಅನ್ನುವ ಬ್ಲಿಂಕ್ ಯಾವತ್ತೂ ಬಟನ್ ತಡೆಯುವುದಿಲ್ಲ, ಫೋಕಸ್ಸಿನದ್ದು ತಡೆಯುತ್ತದೆ. ನಡುವಿನ ಫೋಕಸ್ ಬಿಂದು ಒಂದನ್ನೇ ಇಟ್ಟುಕೊಂಡು, ಕಿರೀಟದ ಅಂಚಿಗೋ ಎದೆಪದಕಕ್ಕೋ ಹಿಡಿಯಿರಿ. ಹೊಳೆಯುವ ಅಂಚು ಇದ್ದಲ್ಲಿ ಬೇಗ ಹಿಡಿಯುತ್ತದೆ. ಕಪ್ಪು ಬಟ್ಟೆಯ ಮೇಲೆ ಹಿಡಿದರೆ ಲೆನ್ಸ್ ಹಿಂದೆ ಮುಂದೆ ಹುಡುಕುತ್ತಲೇ ಇರುತ್ತದೆ.

ಈಗ ಮಾಡಬೇಕಾದದ್ದು. ಆಟ ಶುರುವಾಗಿ ಮೊದಲ ವೇಷ ಬಂದಾಗ ಟಿವಿ ಮೋಡ್‌ನಲ್ಲೇ ಐಎಸ್‌ಒ 400 ಇಟ್ಟು, ಬ್ಲಿಂಕ್ ನಿಲ್ಲುವವರೆಗೆ ಶಟರ್ ಇಳಿಸುತ್ತಾ ಹೋಗಿ. 1/15ಕ್ಕೆ ನಿಂತಿತು ಅಂತ ಇಟ್ಟುಕೊಳ್ಳಿ. ನಿಮಗೆ ಬೇಕಾದ್ದು 1/250. 15, 30, 60, 125, 250. ನಾಲ್ಕು ಮೆಟ್ಟಿಲು. ಐಎಸ್‌ಒದಲ್ಲೂ ನಾಲ್ಕು ಮೆಟ್ಟಿಲು ಹತ್ತಿ: 800, 1600, 3200, 6400. 6400ರಲ್ಲಿ ಬ್ಲಿಂಕ್ ಇರುವುದಿಲ್ಲ.

ಆದರೆ ಅಷ್ಟು ಬೇಕಿಲ್ಲ. ವೇಷದ ಸುತ್ತ ಇಡೀ ಗದ್ದೆ ಕತ್ತಲೆ. ಮೀಟರ್ ಆ ಕತ್ತಲೆಯನ್ನೂ ಸೇರಿಸಿ ಅಳೆದು, ಎಲ್ಲವನ್ನೂ ನಡುಬಣ್ಣದ ಬೂದಿಗೆ ತರಲು ನೋಡುತ್ತದೆ. ನಮಗೆ ಕತ್ತಲೆ ಕತ್ತಲೆಯಾಗಿಯೇ ಇರಬೇಕು ಅಲ್ವಾ? ಎವಿ ಪ್ಲಸ್-ಮೈನಸ್ ಬಟನ್ ಒತ್ತಿಕೊಂಡು ಡಯಲ್ ತಿರುಗಿಸಿ, ಮೈನಸ್ 1 ಇಡಿ. ಒಂದು ಮೆಟ್ಟಿಲು ಉಳಿಯಿತು. ಐಎಸ್‌ಒ 3200, 1/250, ಮೈನಸ್ 1. ಫ್ಲ್ಯಾಶ್ ಬೇಡವೇ ಬೇಡ. ದೂರಕ್ಕೆ ಮುಟ್ಟುವುದೂ ಇಲ್ಲ, ವೇಷಧಾರಿಯ ಕಣ್ಣಿಗೆ ಹೊಡೆದರೆ ಅವರು ಹೆಜ್ಜೆ ತಪ್ಪುತ್ತಾರೆ.

ಲೈಟಿಂಗ್ ಕೆಲಸದವ

ಹಳೇ ಸ್ಟುಡಿಯೊ ಅಣ್ಣ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಾನು ಆಟಕ್ಕೆ, ಮದುವೆಗೆ ಲೈಟ್ ಹಾಕುವವನು. ಈಗ ಹೆಚ್ಚಿನ ಕಡೆ ಹ್ಯಾಲೊಜನ್ ಹೋಗಿ ಎಲ್‌ಇಡಿ ಬಂದಿದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿ, ಟ್ಯೂಬ್‌ಲೈಟ್ ಎಲ್ಲ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತವೆ. ಕಣ್ಣಿಗೆ ಕಾಣುವುದಿಲ್ಲ. 1/250ರಲ್ಲಿ ಒಂದು ಫೋಟೊ ಬೆಳಕು, ಮುಂದಿನದ್ದು ಮಬ್ಬು, ಇಲ್ಲವೇ ಅಡ್ಡ ಪಟ್ಟೆ ಬರಬಹುದು. ಹಾಗೆ ಬಂದರೆ ಮೀಟರಿನ ತಪ್ಪು ಅಂತ ಹುಡುಕುತ್ತಾ ಕೂರಬೇಡಿ, 1/100ಕ್ಕೆ ಇಳಿಸಿ. ಕುಣಿತದ ನಡುವೆ ವೇಷ ನಿಂತು ಅರ್ಥ ಹೇಳುವಾಗ 1/100 ಧಾರಾಳ ಸಾಕು.

ಯಾರಾದರೂ 50 ಎಂಎಂ ಎಫ್ 1.8 ಲೆನ್ಸ್ ಕೊಡುವವರಿದ್ದರೆ ಒಂದು ರಾತ್ರಿಗೆ ಕೇಳಿ ತನ್ನಿ. 5.6ಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ.

ಸುಳ್ಯದವ

ತುಂಬಾ ಉಪಕಾರ ಆಯಿತು. ನಿನ್ನೆ ರಾತ್ರಿ ಅಂಗಳದಲ್ಲಿ ಒಂದು ಬಲ್ಬ್ ಹಾಕಿ, ತಮ್ಮನನ್ನು ಕುಣಿಸಿ ನೋಡಿದೆ. ಮೆಟ್ಟಿಲು ಲೆಕ್ಕ ಸರಿಯಾಗಿ ಬಂತು. ಬ್ಲಿಂಕ್ ನಿಂತ ಅಂಕಿಯಿಂದ ಎಣಿಸಿದರೆ ಸಾಕು!

ಇನ್ನೊಂದು ಕೇಳಬೇಕು. ಮಾವನ ಪ್ರವೇಶ ಸಭೆಯ ನಡುವಿನಿಂದ. ಎರಡೂ ಕೈಯಲ್ಲಿ ದೊಂದಿ (ಪಂಜು), ಅದಕ್ಕೆ ರಾಳದ ಪುಡಿ ಎರಚುತ್ತಾರೆ, ಭಗ್ ಅಂತ ಬೆಂಕಿ ಏಳುತ್ತದೆ. ನನಗೆ ಬೇಕಾದದ್ದು ಆ ಒಂದು ಕ್ಷಣ. ಹೋದ ಸಲ ಬೆಂಕಿ ಮಾತ್ರ ಬಂದು ಮುಖ ಕಪ್ಪಾಗಿತ್ತು. ಆಗ ಯಾವ ಬ್ಲಿಂಕೂ ಇರಲಿಲ್ಲ.

ಹಳೇ ಸ್ಟುಡಿಯೊ

ಇರುವುದಿಲ್ಲ. ಬೆಂಕಿ ಎದ್ದಾಗ ಮೀಟರಿಗೆ ಬೆಳಕು ಧಾರಾಳ ಆಯಿತು, ಅದು ಖುಷಿಯಿಂದ ಅಪರ್ಚರ್ ಮುಚ್ಚಿತು, ಮುಖ ಹೋಯಿತು. ಆ ಹೊತ್ತಿಗೆ ಮೀಟರಿನ ಮಾತು ಕೇಳಲೇಬೇಡಿ. ಎಲ್ಲವನ್ನೂ ನಾವೇ ಇಡುವ ಎಂ ಮೋಡ್‌ಗೆ ಹೋಗಿ. ಐಎಸ್‌ಒ 6400, 1/125. ಮುಖ್ಯವಾಗಿ, ಜೂಮ್ ಬಿಟ್ಟು 18ಕ್ಕೆ ಬನ್ನಿ. ಅಲ್ಲಿ ನಿಮ್ಮ ಲೆನ್ಸ್ 3.5ಕ್ಕೆ ತೆರೆಯುತ್ತದೆ. 5.6ಕ್ಕಿಂತ ಎರಡೂವರೆ ಪಟ್ಟು ಬೆಳಕು. ಅವರು ಬರುವ ದಾರಿಯ ಬದಿಯಲ್ಲೇ ಕೂತರೆ ಜೂಮ್ ಬೇಕಾಗುವುದೂ ಇಲ್ಲ. ದೊಂದಿಯಿಂದ ಸ್ವಲ್ಪ ದೂರ ಇರಿ, ರಾಳದ ಕಿಡಿ ಲೆನ್ಸಿಗೆ ಬೀಳಬಾರದು.

ಅವರಿಗಿಂತ ಮೊದಲು ದೊಂದಿ ಹಚ್ಚಿ ತರುವವರ ಮುಖ ನೋಡಿ ಒಂದು ಫೋಟೊ ತೆಗೆಯಿರಿ. ಪ್ಲೇಬ್ಯಾಕ್‌ನಲ್ಲಿ ಡಿಸ್ಪ್ ಬಟನ್ ಒತ್ತುತ್ತಾ ಹೋದರೆ ಚಿಕ್ಕ ಚಿತ್ರದ ಜೊತೆ ಗ್ರಾಫ್ ಬರುತ್ತದೆ. ಬೆಳಕು ಮಿತಿಮೀರಿದ ಜಾಗ ಅಲ್ಲಿ ಕಪ್ಪಾಗಿ ಬ್ಲಿಂಕ್ ಆಗುತ್ತದೆ. ಬೆಂಕಿ ಬ್ಲಿಂಕ್ ಆದರೆ ಆಗಲಿ, ಬೆಂಕಿಯಲ್ಲಿ ನೋಡುವುದು ಏನಿದೆ? ಮುಖ ಬ್ಲಿಂಕ್ ಆಗಬಾರದು. ಮುಖವೂ ಬ್ಲಿಂಕ್ ಆದರೆ ಐಎಸ್‌ಒ 3200ಕ್ಕೆ ಇಳಿಸಿ. ಮಾವನ ಮುಖದಲ್ಲಿ ಚಿಟ್ಟಿ ಇದೆಯಲ್ಲ, ಅಕ್ಕಿಹಿಟ್ಟು ಸುಣ್ಣ ಸೇರಿಸಿ ಇಟ್ಟದ್ದು, ಅದು ಎಲ್ಲಕ್ಕಿಂತ ಬೆಳ್ಳಗೆ. ಮೊದಲು ಸುಟ್ಟುಹೋಗುವುದು ಅದೇ. ಗಂಟೆಗಟ್ಟಲೆ ಕೂತು ಒಂದೊಂದಾಗಿ ಇಟ್ಟ ಚಿಟ್ಟಿ ಫೋಟೊದಲ್ಲಿ ಒಂದೇ ಬಿಳಿ ಮುದ್ದೆಯಾದರೆ ಏನು ಬಂತು? ರಾ ಫೈಲ್ (ಕ್ಯಾಮೆರಾ ಕುಗ್ಗಿಸದ ಮೂಲ ಫೈಲ್) ಕೂಡ ಇಟ್ಟುಕೊಳ್ಳಿ.

ಸುಳ್ಯದವ

ಶನಿವಾರ ರಾತ್ರಿಯ ಆಟ ಮುಗಿಸಿ ಈಗಷ್ಟೇ ಬಂದೆ. ಎರಡು ಗಂಟೆ ದಾಟಿದ ಮೇಲೆ ಪ್ರವೇಶ ಆಯಿತು. ಚಂಡೆ ಏರಿದಾಗ ಕೈ ನಡುಗಿತು. 6400ರಲ್ಲಿ ಮೊದಲ ಫೋಟೊದಲ್ಲೇ ಕೆನ್ನೆ ಬ್ಲಿಂಕ್ ಆಯಿತು, ನೀವು ಹೇಳಿದಂತೆ 3200ಕ್ಕೆ ಇಳಿಸಿದೆ. ಹನ್ನೊಂದು ಫೋಟೊ ಸಿಕ್ಕಿತು. ಒಂಬತ್ತರಲ್ಲಿ ಹೊಗೆ ಅಡ್ಡ ಬಂದಿದೆ, ಇಲ್ಲ ಫೋಕಸ್ ಹಿಂದೆ ಕೂತಿದೆ. ಎರಡು ಇವೆ, ಎರಡೂ ಚೊಕ್ಕ. ದೊಂದಿ ಮೇಲೆತ್ತಿದ್ದಾರೆ, ಬಾಯಿ ತೆರೆದು ಅಬ್ಬರ ಕೊಡುತ್ತಿದ್ದಾರೆ, ಕಣ್ಣಿನ ಒಳಗೆ ಬೆಂಕಿ ಕಾಣುತ್ತದೆ.

ಬೆಳಿಗ್ಗೆ ವೇಷ ಕಟ್ಟುವ ಚೌಕಿಯಲ್ಲಿ ಮಾವ ಅರ್ಧ ಬಣ್ಣ ಒರೆಸಿಕೊಂಡು ಕೂತಿದ್ದರು. ಕ್ಯಾಮೆರಾ ಕೊಟ್ಟೆ. ದೊಡ್ಡದು ಮಾಡಿ ತೋರಿಸು ಅಂದರು. ಮಾಡಿದೆ. ತುಂಬಾ ಹೊತ್ತು ನೋಡಿದರು. ಆಮೇಲೆ ಎಡ ಹುಬ್ಬಿನ ಮೇಲೆ ಬೆರಳಿಟ್ಟು, "ಇಲ್ಲಿ ಒಂದು ಚಿಟ್ಟಿ ಉದುರಿದೆ, ನೋಡು" ಅಂದರು.