ಪದಚರ್ಚೆ: ಬಣ್ಣದ ಕೆಲಸದ 'ಮಾಸ್ಕಿಂಗ್'ಗೆ 'ಮರೆಮಾಡು' ನಡೆಯುತ್ತದೆಯೇ?

1/72 ಅಳತೆಯ ವಿಮಾನ ಮಾದರಿಯ ಕೈಪಿಡಿ ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. 1944ರ ನಾರ್ಮಂಡಿ ದಾಳಿಯ ಒಂಟಿ ಎಂಜಿನ್ ಯುದ್ಧವಿಮಾನ, ಮೈಮೇಲೆ ಮೂರು ಬಿಳಿ ಎರಡು ಕಪ್ಪು ಪಟ್ಟೆ. ಅಸಲಿನಲ್ಲಿ ಪಟ್ಟೆಯ ಅಗಲ 18 ಇಂಚು, ಇಲ್ಲಿ 6.35 ಮಿ.ಮೀ. ಮೊದಲು ಬಿಳಿ, ಅದು ಒಣಗಿದ ಮೇಲೆ ಬಿಳಿಯಾಗಿ ಉಳಿಯಬೇಕಾದ ಕಡೆ ಟೇಪು, ಆಮೇಲೆ ಕಪ್ಪು, ಕೊನೆಗೆ ಪಟ್ಟೆಗಳಷ್ಟನ್ನೂ ಟೇಪಿನಿಂದ ಮುಚ್ಚಿ ಮೈಬಣ್ಣ. ಹೀಗೆ ಬಣ್ಣ ತಾಗಬಾರದ ಕಡೆ ಮುಚ್ಚಿಡುವುದೇ ಮಾಸ್ಕಿಂಗ್. "ಬಿಳಿ ಪಟ್ಟೆಗಳನ್ನು ಮರೆಮಾಡಿ ಕಪ್ಪು ಹೊಡೆಯಿರಿ" ಎಂದು ಬರೆದಿದ್ದೆ. ಓದಿ ನೋಡಲು ಕೊಟ್ಟ ಹುಡುಗ ಬಿಳಿ ಚೂರೂ ಕಾಣದಂತೆ ಅದರ ಮೇಲೇ ಕಪ್ಪು ಬಳಿದು ತಂದ. ತಪ್ಪು ಅವನದಲ್ಲ. ಬೇರೆ ಪದ ಇದೆಯೇ? ಬಣ್ಣ ಕಚ್ಚಿಕೊಳ್ಳಲೆಂದು ಎಲ್ಲಕ್ಕೂ ಮುಂಚೆ ಹೊಡೆಯುವ 'ಪ್ರೈಮರ್'ಗೆ 'ಅಡಿಬಣ್ಣ' ಆಗಬಹುದೇ?

> ತಪ್ಪು ಅವನದಲ್ಲ
ಅವನದೇ. ಮರೆ ಎಂದರೆ ಹಳಗನ್ನಡದ ಮಱೆ. 'ಮರೆಹೊಕ್ಕವರನ್ನು ಕಾಯ್' ಎನ್ನುವಾಗ ಬಚ್ಚಿಟ್ಟುಕೊಂಡವರು ಎಂದರ್ಥವೇ? ಆಸರೆಯ ಅರ್ಥ ಪದದೊಳಗೇ ಇದೆ. ಹುಡುಗನಿಗೆ ಕನ್ನಡ ಕಲಿಸಿ.

'ಮಾಸ್ಕ್' ಏನು ಪರಕೀಯವೇ? ಅರಬ್ಬಿಯ 'ಮಸ್ಖರ'ದಿಂದ ಬಂದದ್ದು, ನಮ್ಮ 'ಮಷ್ಕಿರಿ'ಯ ಅಣ್ಣ. ಹಾಗೇ ಇಟ್ಟುಕೊಳ್ಳಿ.

ಅದು ಹಲವು ಊಹೆಗಳಲ್ಲಿ ಒಂದು. ಮಷ್ಕಿರಿ ಸಾಕು.

ಎರವಲು ಬೇಡವೇ ಬೇಡ. 'ಕಾಪುಪಟ್ಟಿ' ಎನ್ನಿ. ಅಚ್ಚಗನ್ನಡ.

'ಪಟ್ಟಿ' ಸಂಸ್ಕೃತದ್ದು. 'ಬಣ್ಣ' 'ವರ್ಣ'ದ ತದ್ಭವ. 'ವಿಮಾನ'ದ ಬಗ್ಗೆ ಹೇಳುವುದೇ ಬೇಡ. ಎಲ್ಲ ಕಿತ್ತುಹಾಕಿದರೆ ಉಳಿಯುವುದು ಬೋಳು ಪ್ಲಾಸ್ಟಿಕ್, ಅದೂ ಎರವಲೇ.

ಮಾದರಿ ಕಟ್ಟುವವನಾಗಿ ಹೇಳುತ್ತೇನೆ. 'ಅಡಿಬಣ್ಣ' ಬೇಡ, ಮೊದಲು ಹೊಡೆಯುವ ಬಿಳಿಯನ್ನೇ ಅಡಿಬಣ್ಣ ಅಂದುಕೊಳ್ಳುತ್ತಾರೆ. ಪ್ರೈಮರ್ ಎಂದೇ ಬಿಡಿ. ಟೇಪಿನ ಅಂಚನ್ನು ಹಲ್ಲುಕಡ್ಡಿಯಿಂದ ಒತ್ತಿ, ಕಪ್ಪಿಗೆ ಮುಂಚೆ ಆ ಅಂಚಿನ ಮೇಲೆ ಇನ್ನೊಮ್ಮೆ ತೆಳ್ಳಗೆ ಬಿಳಿ ಹಾಯಿಸಲು ಹೇಳಿ. ಟೇಪಿನಡಿ ಸೋರಿದರೂ ಬಿಳಿಯ ಮೇಲೆ ಬಿಳಿ ಸೋರುತ್ತದೆ, ಆ ಸಂದು ಮುಚ್ಚಿಕೊಂಡ ಮೇಲೆ ಕಪ್ಪಿಗೆ ದಾರಿ ಇಲ್ಲ. ಪದಕ್ಕೆ 'ಟೇಪು ಹಾಕು' ಸಾಕು ಎನ್ನುತ್ತಿದ್ದೆ, ಆದರೆ ಕಾಕ್‌ಪಿಟ್ಟಿನ ಗಾಜಿಗೆ ಕೆಲವರು ಟೇಪಿನ ಬದಲು ದ್ರವ ಹಚ್ಚುತ್ತಾರೆ. ಒಣಗಿದರೆ ರಬ್ಬರಿನಂಥ ಪೊರೆ, ಕೊನೆಗೆ ಸುಲಿದು ತೆಗೆಯುವುದು.

ಪೊರೆ! ನೀವೇ ಹೇಳಿಬಿಟ್ಟಿರಿ. ಹಾವು ಕಳಚುವುದೂ ಪೊರೆ, ಸಲಹುವುದೂ ಪೊರೆ. 'ಪೊರೆ ಹಚ್ಚಿ', 'ಪೊರೆ ಕಳಚಿ'. ಟೇಪಿಗೂ ಸಲ್ಲುತ್ತದೆ, ದ್ರವಕ್ಕೂ ಸಲ್ಲುತ್ತದೆ.

ಒಂದು ನಾಮಪದ, ಇನ್ನೊಂದು ಕ್ರಿಯಾಪದ. ಹುಟ್ಟು ಒಂದೇ ಎನ್ನಲು ಆಧಾರ ಕೊಡಿ.

ಆಧಾರ ಆಮೇಲೆ ನೋಡೋಣ, ಅಚ್ಚಿನವರು ಕಾಯುತ್ತಿದ್ದಾರೆ. ಮೊದಲ ಸಲ ಬರುವಲ್ಲಿ 'ಬಿಳಿ ಪಟ್ಟೆಗೆ ಕಪ್ಪು ತಾಗದಂತೆ ಟೇಪಿನ ಪೊರೆ ಹಚ್ಚಿ' ಎಂದು ಬಿಡಿಸಿ, ಮುಂದೆಲ್ಲ ಬರೀ 'ಪೊರೆ' ಎಂದು ಹಾಕಿದೆ. ಹುಡುಗ ಓದಿ, "ಕಣ್ಣಿಗೆ ಬರುತ್ತಲ್ಲ, ಅದಾ?" ಎಂದು ಕೇಳಿದ. ಕೇಳಿಕೊಂಡೇ ಟೇಪು ಕತ್ತರಿಸಲು ಕೂತ. ಈ ಸಲ ಮೂರೂ ಬಿಳಿ ಪಟ್ಟೆ ಉಳಿದಿವೆ.