ಏರಿಯಾ 1 ಅನ್ನು ಸ್ಟಬ್ ಮಾಡಿದೊಡನೆ ನೆರೆಯ ರೂಟರ್ ಕಾಣುತ್ತಿಲ್ಲ

ಪ್ರಶ್ನೆ:
ಓಎಸ್‌ಪಿಎಫ್ (ರೂಟರ್‌ಗಳು ಮಾರ್ಗಗಳನ್ನು ಪರಸ್ಪರ ತಿಳಿಸಿಕೊಳ್ಳುವ ವಿಧಾನ) ನಡೆಸುವ ಮೂರು ರೂಟರ್‌ಗಳಿವೆ. ಜಾಲವನ್ನು ಏರಿಯಾ ಎಂಬ ಭಾಗಗಳಾಗಿ ಹಂಚಿದ್ದೇನೆ, ಏರಿಯಾ 0 ಅದರ ಬೆನ್ನೆಲುಬು. ಗಡಿ ರೂಟರ್ ಏರಿಯಾ 0 ಮತ್ತು 1ರಲ್ಲಿದೆ, ನಡುವಿನದು ಏರಿಯಾ 1 ಮತ್ತು 2ರಲ್ಲಿ, ತುದಿಯದು ಪೂರ್ತಿ ಏರಿಯಾ 2ರಲ್ಲಿ. ಹೊರಗಿನ ಮಾರ್ಗಗಳು ನಡುವಿನ ರೂಟರಿನ ಕೋಷ್ಟಕವನ್ನು ತುಂಬುತ್ತಿದ್ದವು. ಅದನ್ನು ತಡೆಯಲು ಗಡಿ ರೂಟರಿನಲ್ಲಿ ‘ಏರಿಯಾ 1 ಸ್ಟಬ್’ ಕೊಟ್ಟೆ (ಸ್ಟಬ್ ಎಂದರೆ ಹೊರಗಿನ ಮಾರ್ಗಗಳನ್ನು ಒಳಬಿಡದ ಏರಿಯಾ). ತಕ್ಷಣ ನೆರೆಸಂಬಂಧ ಕಡಿದುಹೋಯಿತು. ಪಿಂಗ್ ಹೋಗುತ್ತಿದೆ. ಮಾಸ್ಕ್ ಒಂದೇ, ಹಲೋ (ನೆರೆಯ ರೂಟರಿಗೆ ಇರವು ತಿಳಿಸುವ ಪ್ಯಾಕೆಟ್) 10, ಡೆಡ್ (ಹಲೋ ಬಾರದಿದ್ದರೆ ಸಂಬಂಧ ಕಡಿಯುವ ಅವಧಿ) 40 ಸೆಕೆಂಡು ಎರಡೂ ಕಡೆ ಸರಿಯಾಗಿವೆ. ಇನ್ನೇನು ನೋಡಬೇಕು?

ಉತ್ತರ 1:
ನಡುವಿನ ರೂಟರಿನಲ್ಲೂ ಅದೇ ಆದೇಶ ಕೊಡಿ. ಹಲೋ ಪ್ಯಾಕೆಟ್‌ನಲ್ಲಿ ಹೊರಗಿನ ಮಾರ್ಗಗಳನ್ನು ಏರಿಯಾ ಒಪ್ಪುತ್ತದೆಯೇ ಎಂದು ಹೇಳುವ ಇ ಎಂಬ ಬಿಟ್ ಇರುತ್ತದೆ. ಸ್ಟಬ್ ಏರಿಯಾದಲ್ಲಿ ಅದು 0. ಎರಡು ಕಡೆ ಬೇರೆ ಬೇರೆಯಾದರೆ ಹಲೋವನ್ನೇ ತಳ್ಳಿಹಾಕುತ್ತವೆ.

ಪ್ರಶ್ನೆ ಕೇಳಿದವರು:
ಸಂಬಂಧ ಮತ್ತೆ ಫುಲ್ (ಪೂರ್ತಿ ಕೂಡಿಕೊಂಡ) ಸ್ಥಿತಿಗೆ ಬಂದಿತು, ಧನ್ಯವಾದ. ಆದರೆ ಏರಿಯಾ 2ರ 10.20.0.0ದಿಂದ 10.20.3.0 ವರೆಗಿನ ಸಬ್‌ನೆಟ್‌ಗಳು ಗಡಿ ರೂಟರಿಗೆ ಕಾಣುತ್ತಿಲ್ಲ. ವರ್ಚುವಲ್ ಲಿಂಕ್ ಹಾಕಲು ಹೋದರೆ ಸಾಧನ ಒಪ್ಪುತ್ತಿಲ್ಲ.

ಉತ್ತರ 2:
ಒಪ್ಪದಿರುವುದೇ ಸರಿ, ದಯವಿಟ್ಟು ಅದನ್ನು ಬಲವಂತ ಮಾಡಲು ಹೋಗಬೇಡಿ. ಒಂದು ಏರಿಯಾದೊಳಗೆ ಪ್ರತಿ ರೂಟರಿಗೂ ಪೂರ್ತಿ ನಕ್ಷೆ ಗೊತ್ತಿರುತ್ತದೆ. ಏರಿಯಾದಾಚೆಯ ಸಂಗತಿಗೆ ಗಡಿ ರೂಟರ್ ಹೇಳಿದ ಮಾತೇ ಆಧಾರ. ಆ ಕೇಳಿದ ಮಾತು ಏರಿಯಾದಿಂದ ಏರಿಯಾಕ್ಕೆ ಮನಬಂದಂತೆ ದಾಟಿದರೆ ಪ್ಯಾಕೆಟ್‌ಗಳು ಸುತ್ತುತ್ತಲೇ ಇರುತ್ತವೆ. ಹಾಗಾಗಿ ಎಲ್ಲ ಏರಿಯಾಗಳೂ 0ಯನ್ನೇ ಮುಟ್ಟಬೇಕು. ನಿಮ್ಮ ಏರಿಯಾ 2 ಮುಟ್ಟುತ್ತಿಲ್ಲ, ಅದಕ್ಕೇ ಅದರ ಸಬ್‌ನೆಟ್‌ಗಳು ಕಾಣುತ್ತಿಲ್ಲ.

ವರ್ಚುವಲ್ ಲಿಂಕ್ ಆ 0ಯನ್ನೇ ಏರಿಯಾ 1ರ ಮೇಲಿಂದ ಚಾಚುವ ಉಪಾಯ. ಅದಕ್ಕೆ ಹೊರಗಿನ ಮಾರ್ಗಗಳನ್ನು ಹೊತ್ತ ಟೈಪ್ 5 ಎಲ್‌ಎಸ್‌ಎಗಳು (ಓಎಸ್‌ಪಿಎಫ್ ರೂಟರ್‌ಗಳು ಹಂಚುವ ಮಾಹಿತಿ ತುಣುಕುಗಳು) ಏರಿಯಾ 1ರೊಳಗೇ ಹಾದುಹೋಗಬೇಕು. ಸ್ಟಬ್ ತಡೆಯುವುದು ಅವನ್ನೇ. ಎರಡೂ ಒಟ್ಟಿಗೆ ಬಾಳಲಾರವು.

ಮೂರೇ ರೂಟರ್‌ಗಳಿಗೆ ಏರಿಯಾ 2 ಏಕೆ ಬೇಕು? ಅದನ್ನು ತೆಗೆದುಹಾಕಿ, ತುದಿಯ ರೂಟರಿನ ಇಂಟರ್‌ಫೇಸ್‌ಗಳನ್ನೂ ಏರಿಯಾ 1ಕ್ಕೆ ಸೇರಿಸಿ, ಅಲ್ಲಿಯೂ ಸ್ಟಬ್ ಕೊಡಿ. ಒಳಗಿನವರಿಗೆ ಡೀಫಾಲ್ಟ್ ಮಾರ್ಗವನ್ನು ಗಡಿ ರೂಟರ್ ತಾನೇ ಹಂಚುತ್ತದೆ. ಆಮೇಲೆ ಗಡಿ ರೂಟರಿನಲ್ಲಿ ‘ಏರಿಯಾ 1 ರೇಂಜ್ 10.20.0.0 255.255.252.0’ ಎಂದು ಬರೆದರೆ ನಾಲ್ಕು ಸಬ್‌ನೆಟ್‌ಗಳೂ ಒಂದೇ ಸಾಲಾಗಿ ಏರಿಯಾ 0ಗೆ ಹೋಗುತ್ತವೆ. ವರ್ಚುವಲ್ ಲಿಂಕ್ ಅನ್ನು ಶಾಶ್ವತ ವಿನ್ಯಾಸವಾಗಿ ಇಟ್ಟುಕೊಳ್ಳುವುದನ್ನು ನಾನು ಎಂದಿಗೂ ಒಪ್ಪುವುದಿಲ್ಲ. ಏರಿಯಾ 0ಗೆ ನೇರ ತಂತಿ ಎಳೆಯುವವರೆಗಿನ ಆಸರೆಯಾಗಿ ಮಾತ್ರ ಸರಿ.

ಪ್ರಶ್ನೆ ಕೇಳಿದವರು:
ಹಾಗೆಯೇ ಮಾಡಿದೆ, ಎಲ್ಲ ಸಬ್‌ನೆಟ್‌ಗಳೂ ಬಂದವು. ಮುಂದೆ ತುದಿಯ ರೂಟರಿನಿಂದ ಕೆಲವು ಸ್ಟ್ಯಾಟಿಕ್ ಮಾರ್ಗಗಳನ್ನು ಓಎಸ್‌ಪಿಎಫ್‌ಗೆ ಸೇರಿಸಬೇಕಾಗುತ್ತದೆ. ಸ್ಟಬ್ ಬಿಡಲೇಬೇಕೆ?

ಉತ್ತರ 2:
ಮೂರರಲ್ಲೂ ಸ್ಟಬ್ ತೆಗೆದು ಎನ್‌ಎಸ್‌ಎಸ್‌ಎ (ತನ್ನೊಳಗಿನ ರೂಟರ್ ಹೊರಗಿನ ಮಾರ್ಗ ಸೇರಿಸಲು ಬಿಡುವ ಸ್ಟಬ್) ಮಾಡಿ. ತುದಿಯ ರೂಟರ್ ಆ ಮಾರ್ಗಗಳನ್ನು ಟೈಪ್ 7 ಎಲ್‌ಎಸ್‌ಎಯಾಗಿ ಕಳಿಸುತ್ತದೆ, ಗಡಿಯಲ್ಲಿ ಅದು ಟೈಪ್ 5 ಆಗುತ್ತದೆ. ಒಂದು ಎಚ್ಚರಿಕೆ: ಕೆಲವು ಸಾಧನಗಳಲ್ಲಿ ಎನ್‌ಎಸ್‌ಎಸ್‌ಎಗೆ ಡೀಫಾಲ್ಟ್ ಮಾರ್ಗ ತಾನಾಗಿ ಬರುವುದಿಲ್ಲ, ಗಡಿ ರೂಟರಿನಲ್ಲಿ ಬೇರೆಯಾಗಿ ಆದೇಶ ಕೊಟ್ಟು ಹಾಕಿಸಬೇಕು. ಬದಲಾಯಿಸುವಾಗ ನೆರೆಸಂಬಂಧ ಮತ್ತೆ ಕಡಿಯುತ್ತದೆ, ಬಳಕೆದಾರರಿಲ್ಲದ ವೇಳೆ ನೋಡಿಕೊಳ್ಳಿ.